ಉಳಿದದ್ದೇ ಬೆಟ್ಟ

ಕೋಲಾರದ ಕಡೆ ಹೊಲದಲ್ಲಿ ಕೊಳವೆಬಾವಿ ಕೊರೆಸುವ ದಿನ ಅರ್ಧ ಊರು ಅಲ್ಲೇ ಇರುತ್ತದೆ. ಪೂಜೆ ಮುಗಿಸಿ, ತೆಂಗಿನಕಾಯಿ ಒಡೆದು ಲಾರಿಯ ಕಂಪ್ರೆಸರ್ ಶುರು ಮಾಡಿದರೆ ಪಕ್ಕದವರು ಆಡಿದ ಮಾತೂ ಕಿವಿಗೆ ಬೀಳುವುದಿಲ್ಲ. ಊರವರೆಲ್ಲ ನೀರಿಗೆ ಕಾಯುತ್ತಿದ್ದರೆ ರಿಗ್ ನಡೆಸುವವನ ಕಣ್ಣು ಮಾತ್ರ ಕೊಳವೆಯ ಬಾಯಿಂದ ಹಾರಿಬರುವ ಪುಡಿಯ ಮೇಲಿರುತ್ತದೆ. ಮೊದಲು ಕೆಂಪು ಮಣ್ಣು. ಆಮೇಲೆ ಹಳದಿ, ಬಿಳುಪು ಬೆರೆತ ಗರಸು. ಅದರೊಳಗೆ ಅಲ್ಲಲ್ಲಿ ಮಿಣುಕುವ ಕಾಗೆಬಂಗಾರ. ಇನ್ನಷ್ಟು ಅಡಿ ಇಳಿದ ಮೇಲೆ ಸದ್ದೇ ಬೇರೆ, ಪುಡಿ ಸಿಮೆಂಟಿನ ಬಣ್ಣಕ್ಕೆ ತಿರುಗುತ್ತದೆ. ಗಟ್ಟಿ ಕಲ್ಲು ಬಂತು, ಕೇಸಿಂಗ್ ಪೈಪು ಇಲ್ಲಿಗೆ ಸಾಕು ಎಂದು ಅವನು ಕೈ ಎತ್ತುತ್ತಾನೆ. ಕೇಸಿಂಗಿಗೆ ಅಡಿಗಿಷ್ಟು ಎಂದು ಲೆಕ್ಕ. ಹಾಗಾಗಿ ಗಟ್ಟಿ ಕಲ್ಲು ಬೇಗ ಬರಲಿ ಎಂದು ಹೊಲದ ಯಜಮಾನ ಒಳಗೊಳಗೇ ಬೇಡಿಕೊಂಡಿರುತ್ತಾನೆ.

ಒಮ್ಮೊಮ್ಮೆ ಮೋಸವೂ ಆಗುತ್ತದೆ. ಬೂದು ಪುಡಿ ಬಂತೆಂದು ಎಲ್ಲರೂ ಉಸಿರು ಬಿಡುವಷ್ಟರಲ್ಲಿ ಮತ್ತೆ ಗರಸು ಹಾರತೊಡಗುತ್ತದೆ. ತಳದ ಬಂಡೆ ಇನ್ನೂ ಕೆಳಗೇ ಇದೆ. ನಡುವೆ ತಗುಲಿದ್ದು ಮಣ್ಣಿನೊಳಗೆ ಒಂಟಿಯಾಗಿ ಕೂತಿದ್ದ ಒಂದು ಗುಂಡು. ಕೇಸಿಂಗಿನ ಖರ್ಚು ಏರಿತಲ್ಲ ಎಂದು ಯಜಮಾನ ಗೊಣಗುತ್ತಾನೆ. ನೆಲ ಹೇಗೆ ಈ ರೂಪ ತಾಳಿತು ಎಂದು ತಿಳಿಯಬಯಸುವವರಿಗೆ ಮಾತ್ರ ಆ ಗುಂಡು ಒಂದು ಬೀಗದ ಕೈ. ಅದು ತೆರೆಯುವ ಬಾಗಿಲು ಇರುವುದು ಹಂಪಿಯಲ್ಲಿ.

ಹಂಪಿಗೆ ಮೊದಲ ಸಲ ಹೋದವರಿಗೆ ಗುಡಿ ಗೋಪುರಗಳಿಗಿಂತ ಮುಂಚೆ ಬೆರಗು ಹುಟ್ಟಿಸುವುದು ಬಂಡೆಗಳು. ಮಾತಂಗ ಬೆಟ್ಟ, ಹೇಮಕೂಟ, ಹೊಳೆಯಾಚೆಯ ಅಂಜನಾದ್ರಿ, ಎತ್ತ ನೋಡಿದರೂ ಮನೆ ಗಾತ್ರದ ಗುಂಡುಗಳು. ಯಾರೋ ಆಟಕ್ಕೆ ಪೇರಿಸಿ ಎದ್ದು ಹೋದ ಹಾಗೆ ಒಂದರ ಮೇಲೊಂದು ನಿಂತಿವೆ. ಇದು ಕಿಷ್ಕಿಂಧೆ; ವಾಲಿ ಸುಗ್ರೀವರು ಕಾದಾಡುವಾಗ ಒಬ್ಬರ ಮೇಲೊಬ್ಬರು ಎಸೆದ ಕಲ್ಲುಗಳಿವು ಎನ್ನುತ್ತಾರೆ ಊರಿನವರು. ಭೂಕಂಪ ಆಗಿತ್ತು, ಜ್ವಾಲಾಮುಖಿ ಸಿಡಿದಿತ್ತು ಎಂದು ಹೇಳುವವರೂ ಇದ್ದಾರೆ. ಪುರಾಣವಾಗಲಿ ಅರೆಬೆಂದ ವಿಜ್ಞಾನವಾಗಲಿ, ಎರಡೂ ಒಪ್ಪುವ ಮಾತು ಒಂದಿದೆ: ಈ ಬಂಡೆಗಳು ಎಲ್ಲಿಂದಲೋ ಬಂದು ಇಲ್ಲಿ ಬಿದ್ದವು. ಎಡವಟ್ಟಾಗಿರುವುದು ಅಲ್ಲೇ. ಅವುಗಳಲ್ಲಿ ಬಹುಪಾಲು ಎಲ್ಲಿಂದಲೂ ಬಂದಿಲ್ಲ. ಹುಟ್ಟಿದ ಜಾಗದಲ್ಲೇ ಕೂತಿವೆ. ಹೊರಟುಹೋಗಿರುವುದು ಅವುಗಳ ಸುತ್ತ ಇದ್ದದ್ದು.

ಇಲ್ಲಿನದು ಗ್ರಾನೈಟ್, ವಯಸ್ಸು ಸುಮಾರು 250 ಕೋಟಿ ವರ್ಷ. ರಾಮನಗರದ ಬೆಟ್ಟಗಳ ಗ್ರಾನೈಟೂ ಇದರ ಓರಗೆಯದೇ. ‘ಶೋಲೆ’ ಚಿತ್ರದಲ್ಲಿ ಗಬ್ಬರ್ ಸಿಂಗ್ ನಿಂತು ಗರ್ಜಿಸಿದ್ದು ಆ ಬಂಡೆಗಳ ಮೇಲೆ. ಬ್ರಿಟಿಷರ ಕಾಲದಲ್ಲಿ ರಾಮನಗರಕ್ಕೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನ ನೆನಪಿಗೆ ಇಟ್ಟದ್ದು. ಊರಿನ ಹೆಸರು ಬದಲಾಯಿತು, ಭೂವಿಜ್ಞಾನಿಗಳ ಪುಸ್ತಕದಲ್ಲಿ ಮಾತ್ರ ರಾಜ್ಯದ ಉದ್ದಕ್ಕೂ ತೆಂಕಿನಿಂದ ಬಡಗಿಗೆ ಹಾದುಹೋಗುವ ಆ ಶಿಲೆಯ ಪಟ್ಟಿ ಇವತ್ತಿಗೂ ‘ಕ್ಲೋಸ್‌ಪೇಟ್ ಗ್ರಾನೈಟ್’.

ಗ್ರಾನೈಟ್ ನೆಲದ ಮೇಲೆ ಹುಟ್ಟುವ ಕಲ್ಲಲ್ಲ. ಕರಗಿದ ಶಿಲಾರಸ ಕಿಲೋಮೀಟರುಗಟ್ಟಲೆ ಆಳದಲ್ಲಿ ನಿಧಾನವಾಗಿ ತಣಿದು ಹರಳುಗಟ್ಟಿದಾಗ ಮಾತ್ರ ಅದರಲ್ಲಿ ಕಣ್ಣಿಗೆ ಕಾಣುವಷ್ಟು ದಪ್ಪ ಹರಳುಗಳು ಮೂಡುತ್ತವೆ. ಹಾಗಾದರೆ ಹಂಪಿಯ ಬಂಡೆಗೆ ಒರಗಿ ಫೋಟೊ ತೆಗೆಸಿಕೊಳ್ಳುವವರು ಒರಗಿರುವುದು ಒಂದು ಕಾಲದ ಪಾತಾಳಕ್ಕೆ. ಅದರ ಮೇಲೆ ಹೇರಿಕೊಂಡಿದ್ದ ಕಿಲೋಮೀಟರುಗಟ್ಟಲೆ ಶಿಲೆ ಎಲ್ಲಿ ಹೋಯಿತು? ಸವೆದು ಹೋಯಿತು. ಅಷ್ಟು ದಪ್ಪದ ಕಲ್ಲು ಸವೆಯುವುದುಂಟೆ ಎಂದು ಕೇಳುವವರು ಒಂದು ಲೆಕ್ಕ ಹಾಕಿ ನೋಡಬಹುದು. ನೂರು ವರ್ಷಕ್ಕೆ ಒಂದೇ ಒಂದು ಮಿಲಿಮೀಟರ್ ಸವೆದರೂ 10 ಲಕ್ಷ ವರ್ಷಕ್ಕೆ 10 ಮೀಟರ್. 250 ಕೋಟಿ ವರ್ಷಕ್ಕೆ 25 ಕಿಲೋಮೀಟರ್. ಇದು ಬರೀ ಗುಣಾಕಾರ, ಹಂಪಿಯಲ್ಲಿ ಅಳೆದ ವೇಗವಲ್ಲ. ಆದರೆ ನೆಲದ ಹತ್ತಿರ ಸಮಯಕ್ಕೆ ಬರವಿಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ.

ಇಲ್ಲಿ ಇನ್ನೊಂದು ಮಜಾ ಇದೆ. ತುಂಗಭದ್ರೆಯಲ್ಲಿ ಹರಿಗೋಲು ಹತ್ತಿದವರು ಗಮನಿಸಿರಬಹುದು. ಜನ ತುಂಬಿದಾಗ ಅದರ ಅಂಚು ನೀರಿನ ಮಟ್ಟಕ್ಕೆ ಇಳಿದಿರುತ್ತದೆ. ಆಚೆ ದಡದಲ್ಲಿ ಒಬ್ಬೊಬ್ಬರೇ ಇಳಿದಂತೆ ಮೇಲೇಳುತ್ತದೆ. ಭೂಮಿಯ ಚಿಪ್ಪೂ ಹೀಗೆಯೇ ತನ್ನ ಕೆಳಗಿನ ಬಿಸಿಯಾದ, ಬಲು ನಿಧಾನವಾಗಿ ಬಾಗುವ ಪದರದ ಮೇಲೆ ತೇಲುತ್ತಿದೆ. ಮೇಲಿನ ಹೊರೆ ಸವೆದು ಹೊಳೆ ಪಾಲಾದ ಹಾಗೆಲ್ಲ ಕೆಳಗಿನದು ಮೇಲಕ್ಕೆ ಬರುತ್ತದೆ. ಮಳೆ ಕೆಳಗಿಳಿಸುವುದನ್ನು ಭೂಮಿ ಮೇಲೆತ್ತುತ್ತಲೇ ಇರುತ್ತದೆ. ಬೆಟ್ಟಗಳು ಇನ್ನೂ ಮುಗಿದುಹೋಗದಿರುವುದಕ್ಕೆ ಇದೂ ಒಂದು ಕಾರಣ.

ಹೊರೆ ಇಳಿದ ಬಂಡೆ ಹಿಗ್ಗುತ್ತದೆ, ಹಿಗ್ಗಿದರೆ ಬಿರಿಯುತ್ತದೆ. ತಣಿಯುವಾಗಲೇ ಮೂಡಿದ್ದ ಸೀಳುಗಳೂ ಇರುತ್ತವೆ. ಅಡ್ಡ, ಉದ್ದ ಸೇರಿ, ತಟ್ಟೆಯಲ್ಲಿ ಆರುತ್ತಿರುವ ಮೈಸೂರುಪಾಕಿಗೆ ಚಾಕುವಿನಲ್ಲಿ ಗೀರು ಹಾಕಿದಂತೆ ಬಂಡೆಯ ತುಂಬ ಗೆರೆಗಳು. ಆ ಗೆರೆಗಳಲ್ಲಿ ನೀರು ಇಳಿಯುತ್ತದೆ. ಮಳೆಹನಿ ಗಾಳಿಯಿಂದ ಒಂದಿಷ್ಟು ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಬಂದಿರುತ್ತದೆ, ಬೇರುಗಳು ಉಸಿರಾಡುವ ಮಣ್ಣಿನಲ್ಲಿ ಇಳಿಯುವಾಗ ಇನ್ನಷ್ಟನ್ನು ಸೇರಿಸಿಕೊಳ್ಳುತ್ತದೆ. ಹೀಗೆ ಅದು ಸೋಡಾಕ್ಕಿಂತಲೂ ಸಪ್ಪೆಯಾದ ಆಮ್ಲ. ಆದರೆ ಗ್ರಾನೈಟಿನಲ್ಲಿ ಅರ್ಧಕ್ಕಿಂತ ಹೆಚ್ಚಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜಕ್ಕೆ ಆ ಸಪ್ಪೆ ಆಮ್ಲವೇ ಸಾಕು. ಪೊಟ್ಯಾಶಿಯಂ, ಸೋಡಿಯಂ ಕರಗಿ ಹೋಗುತ್ತವೆ. ಹೊಳೆಯುತ್ತಿದ್ದ ಹರಳು ಜೇಡಿಯಾಗಿ ಮೆತ್ತಗಾಗುತ್ತದೆ. ಅದರ ಪಕ್ಕದ ಬೆಣಚುಕಲ್ಲಿನ ಕಣ ಜಪ್ಪಯ್ಯ ಅನ್ನುವುದಿಲ್ಲ. ಹಿಡಿದಿಟ್ಟುಕೊಂಡಿದ್ದ ಗೆಳೆಯ ಮಣ್ಣಾದ ಮೇಲೆ ಸಡಿಲಗೊಂಡು ಮರಳಾಗಿ ಉದುರುತ್ತದೆ. ಕೊಳವೆಬಾವಿಯಿಂದ ಹಾರಿದ ಗರಸು ಇದೇ: ಜೇಡಿ, ಮರಳು, ನಡುವೆ ಕಾಗೆಬಂಗಾರದ ಚೂರು. ಕಲ್ಲು ಕೊಳೆತರೆ ಹೀಗಾಗುತ್ತದೆ.

ಚೌಕದ ತುಂಡು ಗುಂಡಾಗುವುದು ಹೇಗೆ? ಬೆಲ್ಲದ ಅಚ್ಚೊಂದನ್ನು ನೀರಿನ ಬಟ್ಟಲಿಗೆ ಹಾಕಿ ನೋಡಬೇಕು. ಮೊದಲು ಮಾಯವಾಗುವುದು ಮೂಲೆಗಳು. ಸಪಾಟು ಮುಖವನ್ನು ನೀರು ಒಂದೇ ಕಡೆಯಿಂದ ತಿನ್ನುತ್ತದೆ, ಅಂಚನ್ನು ಎರಡು ಕಡೆಯಿಂದ, ಮೂಲೆಯನ್ನು ಮೂರು ಕಡೆಯಿಂದ. ನೆಲದಡಿಯಲ್ಲಿ, ಮಣ್ಣಿನ ತೇವದಲ್ಲಿ, ಸೀಳುಗಳ ನಡುವಿನ ಒಂದೊಂದು ಚೌಕಕ್ಕೂ ಇದೇ ಗತಿ. ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಕೊಳೆಯುತ್ತ, ಒಳಗೆ ಮಾತ್ರ ಗಟ್ಟಿ ತಿರುಳು ಉಳಿಯುತ್ತದೆ. ಕೋಲಾರದಲ್ಲಿ ರಿಗ್ಗಿಗೆ ಅಡ್ಡ ಬಂದದ್ದು ಅಂಥದೇ ತಿರುಳು. ಹಂಪಿಯ ಮರಿ, ಇನ್ನೂ ಗರ್ಭದಲ್ಲಿರುವುದು. ಮುಂದೆಂದೋ ಮಳೆ ಹೊಳೆಗಳು ಸುತ್ತಲಿನ ಗರಸನ್ನು ತೊಳೆದು ಒಯ್ದರೆ ಗುಂಡುಗಳು ಬಯಲಾಗಿ, ಇದ್ದ ಜಾಗದಲ್ಲೇ ಒಂದರ ಮೇಲೊಂದು ಕುಳಿತುಕೊಳ್ಳುತ್ತವೆ. ಹಂಪಿಯಲ್ಲಿ ಆ ಕೆಲಸ ಮುಗಿದಿದೆ. ಹತ್ತಾಳೆತ್ತರದ ಬಂಡೆ ಅಂಗೈಯಗಲದ ಜಾಗದ ಮೇಲೆ ನಿಂತಿರುವುದನ್ನು ಕಂಡು ಇದನ್ನು ಯಾರು ಎತ್ತಿಟ್ಟರು ಎಂದು ಕೇಳುವ ಬದಲು ಇದರ ಕೆಳಗಿನದನ್ನು ಯಾರು ತೆಗೆದರು ಎಂದು ಕೇಳಿದರೆ ಒಗಟು ಬಿಡುತ್ತದೆ.

ಸೀಳುಗಳು ಒತ್ತೊತ್ತಾಗಿದ್ದ ಕಡೆ ಗುಂಡುಗಳ ರಾಶಿ. ವಿರಳವಾಗಿದ್ದ ಕಡೆ ನೀರಿಗೆ ಒಳಹೋಗಲು ದಾರಿಯೇ ಇಲ್ಲ. ಅಲ್ಲಿ ಇಡೀ ಬೆಟ್ಟವೇ ಏಕಶಿಲೆ. ಸಾವನದುರ್ಗ, ಮಧುಗಿರಿ ಹೀಗೆ ಉಳಿದವು. ಸುತ್ತಲಿನ ನೆಲ ತಗ್ಗುತ್ತ ಹೋಯಿತು, ಅವು ತಗ್ಗಲಿಲ್ಲ. ಪಾಳೇಗಾರರು ಕೋಟೆ ಕಟ್ಟಲು ಇಂಥವನ್ನೇ ಆರಿಸಿಕೊಂಡರು. ಅವರಿಗೆ ಸಿಕ್ಕಿದ ಕಡಿದಾದ ಇಳಿಜಾರಿಗೆ ಕಾರಣ ಬಂಡೆಯಲ್ಲಿ ಬಿರುಕು ಕಡಿಮೆ ಇದ್ದದ್ದು, ಅಷ್ಟೆ.

ಏಕಶಿಲೆಯೂ ಪೂರ್ತಿ ಸುಮ್ಮನಿರುವುದಿಲ್ಲ. ಅದರ ಮೇಲ್ಮೈಗೆ ಸಮಾನಾಂತರವಾಗಿ ಬಿರುಕು ಹರಿದು, ಹಪ್ಪಳದಂತೆ ಚಪ್ಪಡಿಗಳು ಏಳುತ್ತವೆ. ಬೆಂಗಳೂರಿನ ಸುತ್ತಲಿನ ಕಲ್ಲು ಒಡೆಯುವವರು ಈ ಗುಣವನ್ನು ಚೆನ್ನಾಗಿ ಬಲ್ಲವರು. ಹಾಸುಬಂಡೆಯ ಮೇಲೆ ಸೌದೆ ಹರಡಿ ಬೆಂಕಿ ಹಚ್ಚಿ, ಆ ಬೆಂಕಿಯನ್ನು ನಿಧಾನವಾಗಿ ಮುಂದಕ್ಕೆ ಸರಿಸುತ್ತ ಹೋದರೆ ಕಾದ ಮೇಲ್ಪದರ ಹಿಗ್ಗಿ ಕೆಳಗಿನ ಬಂಡೆಯಿಂದ ಬಿಟ್ಟುಕೊಳ್ಳುತ್ತದೆ. ಬಿಟ್ಟಿತೋ ಇಲ್ಲವೋ ಎಂದು ಸುತ್ತಿಗೆಯಿಂದ ತಟ್ಟಿ, ಸದ್ದಿನಿಂದಲೇ ಹೇಳುತ್ತಾರೆ. ಹಳೆಯ ಮನೆಗಳ ಚಪ್ಪಡಿ ಮಾಡು, ಹೊಲದ ಬದುವಿಗೆ ನೆಟ್ಟ ಕಲ್ಲುಕಂಬ, ಎಲ್ಲ ಹೀಗೆ ಬಂದವು. ವಿಜಯನಗರದ ಕಲ್ಲುಕುಟಿಗರ ದಾರಿ ಬೇರೆ: ಬಂಡೆಯ ಮೇಲೆ ಸಾಲಾಗಿ ಕುಳಿ ಕೊರೆದು, ಬೆಣೆ ಬಡಿದು ಸೀಳುವುದು. ಅರ್ಧಕ್ಕೇ ನಿಂತ ಕುಳಿಗಳ ಸಾಲು ಹಂಪಿಯ ಎಷ್ಟೋ ಗುಂಡುಗಳ ಮೇಲೆ ಹೊಲಿಗೆ ಹಾಕಿದಂತೆ ಈಗಲೂ ಕಾಣುತ್ತದೆ. ಬೆರಳಿಟ್ಟು ನೋಡಿದರೆ ಕುಳಿಯ ಅಂಚು ಇನ್ನೂ ಚೂಪಾಗಿದೆ. ಐದು ಶತಮಾನದ ಮಳೆ ಬಿಸಿಲಿಗೆ ಬಯಲಿನ ಗ್ರಾನೈಟ್ ಎಷ್ಟು ಸವೆಯುತ್ತದೆ ಎಂದು ತಿಳಿಯಲು ಇದಕ್ಕಿಂತ ಅಗ್ಗದ ಅಳತೆಗೋಲು ಸಿಗಲಾರದು. ಮಣ್ಣಿನಡಿಯಲ್ಲಿ ತೇವ ಕುಡಿಯುತ್ತ ಕೂತ ಬಂಡೆ ಬೇಗ ಕೊಳೆಯುತ್ತದೆ. ಹೊರಗೆ ಬಂದು ಒಣಗಿದ ಬಂಡೆಗೆ ಆಯಸ್ಸು ಹೆಚ್ಚು.

ಈಗ ಪಡುವಣಕ್ಕೆ ಹೊರಡಬೇಕು. ಘಟ್ಟದ ಬಗ್ಗೆ ಮಾತಾಡುವಾಗ ಕನ್ನಡಿಗರ ಬಾಯಲ್ಲಿ ಬರುವುದು ‘ಘಟ್ಟದ ಮೇಲೆ’, ‘ಘಟ್ಟದ ಕೆಳಗೆ’. ಗೋಡೆಯಂತೆ ಎದ್ದ ಪರ್ವತವಾಗಿದ್ದರೆ ಈಚೆ, ಆಚೆ ಎನ್ನುವುದೇ ರೂಢಿಯಾಗುತ್ತಿತ್ತು. ಜನರ ಮಾತು ಭೂವಿಜ್ಞಾನಕ್ಕೆ ಹತ್ತಿರವಿದೆ. ಪಶ್ಚಿಮ ಘಟ್ಟ ಬಹುಮಟ್ಟಿಗೆ ಒಂದು ಮೆಟ್ಟಿಲು, ಪ್ರಸ್ಥಭೂಮಿಯ ತುಂಡರಿಸಿದ ಅಂಚು. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವವರಿಗೆ ದೊಡ್ಡ ಬೆಟ್ಟ ಹತ್ತಿದ ಅನುಭವವೇ ಆಗುವುದಿಲ್ಲ. ಆಗುಂಬೆ ದಾಟಿದ ಕೂಡಲೇ ರಸ್ತೆ ಕಾಲ ಕೆಳಗಿಂದ ಜಾರಿದಂತಾಗಿ, 14 ಹೇರ್‌ಪಿನ್ ತಿರುವುಗಳಲ್ಲಿ ಬಸ್ಸು ಸೋಮೇಶ್ವರಕ್ಕೆ ಇಳಿಯುತ್ತದೆ.

ಆ ಅಂಚು ಬಂದದ್ದು ಒಂದು ಅಗಲಿಕೆಯಿಂದ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಕಿತ್ತುಕೊಂಡಿತು. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪಕ್ಕೆ ಹೋದರೆ ಆ ಗಾಯದ ಕಲೆಯನ್ನು ಮುಟ್ಟಿ ನೋಡಬಹುದು: ನೆಲ ಸೀಳಿದಾಗ ಉಕ್ಕಿದ ಲಾವಾ ತಣಿಯುತ್ತ ಕುಗ್ಗಿ, ಆರು ಮುಖದ, ಐದು ಮುಖದ ಕಂಬಗಳಾಗಿ ಒಡೆದುಕೊಂಡಿದೆ. ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳ ಬಿರಿಯುವುದೂ ಇದೇ ತತ್ತ್ವದಿಂದ. ಇದೇ ವಯಸ್ಸಿನ ಲಾವಾಶಿಲೆ ಸಮುದ್ರದಾಚೆ ಮಡಗಾಸ್ಕರಿನಲ್ಲೂ ಇದೆ. ದ್ವೀಪಕ್ಕೆ ಬರುವ ಪ್ರವಾಸಿಗರಿಗೆ 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದಿದ್ದನಂತೆ ಎಂಬ ಕಥೆಯನ್ನು ಹೇಳಿ ಕಳಿಸುತ್ತಾರೆ. ಕಂಬಗಳ ಕಥೆಯ ಮುಂದೆ ಅದು ನಿನ್ನೆಯ ಸುದ್ದಿ.

ಹೊಸ ಕರಾವಳಿ ಹುಟ್ಟಿದ ಮೇಲೆ ಎತ್ತರದ ನೆಲ ಒಂದೇ ಸಲಕ್ಕೆ ಸಮುದ್ರಕ್ಕೆ ಮುಖ ಮಾಡಿ ನಿಂತಿತು. ಅರಬ್ಬಿ ಸಮುದ್ರದಿಂದ ಬಂದ ಮೋಡಗಳಿಗೆ ಆ ಅಂಚೇ ಅಡ್ಡಗಟ್ಟೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,600 ಮಿಲಿಮೀಟರಿನಷ್ಟು ಮಳೆ ಸುರಿದರೆ ಚಳ್ಳಕೆರೆಗೆ ಸಿಗುವುದು ಅದರ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಕುದುರೆಮುಖದ ಕಡೆಯ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಮೂವರೂ ಒಂದೇ ಬೆಟ್ಟದಲ್ಲಿ ಹುಟ್ಟುತ್ತಾರೆ. ತುಂಗೆ ಭದ್ರೆಯರು ಕೂಡಲಿಯಲ್ಲಿ ಕೂಡಿ, ಹಂಪಿ ಹಾದು, ಕೃಷ್ಣೆಯನ್ನು ಸೇರಿ, ಇಡೀ ಪರ್ಯಾಯ ದ್ವೀಪವನ್ನು ಅಡ್ಡ ಹಾಯ್ದು ಬಂಗಾಳ ಕೊಲ್ಲಿಗೆ ಹೋಗಬೇಕು. ನೇತ್ರಾವತಿಗೆ ಮಂಗಳೂರು ಹತ್ತಿರ. ಅಷ್ಟೇ ಎತ್ತರವನ್ನು ಇಷ್ಟು ಕಡಿಮೆ ದೂರದಲ್ಲಿ ಇಳಿಯುವ ಹೊಳೆಗೆ ವೇಗ ಹೆಚ್ಚು, ಕೊರೆಯುವ ಕಸುವೂ ಹೆಚ್ಚು. ಹಾಗಾಗಿ ಪಡುವಣದ ಹೊಳೆಗಳು ತಮ್ಮ ಹುಟ್ಟಿನ ಕಡೆಗೇ ಹಿಂದಕ್ಕೆ ಹಿಂದಕ್ಕೆ ಕೊರೆಯುತ್ತ ಘಟ್ಟದ ಅಂಚನ್ನು ಮೂಡಣಕ್ಕೆ ಸರಿಸುತ್ತಿರುತ್ತವೆ. ಪಕ್ಕದ ಹೊಲದ ಬದುವನ್ನು ವರ್ಷಕ್ಕೊಂದು ಸಾಲು ಒತ್ತುವರಿ ಮಾಡುವ ದಾಯಾದಿಯ ಹಾಗೆ.

ಈ ಒತ್ತುವರಿಯ ಜೀವಂತ ಸಾಕ್ಷಿ ಜೋಗ. ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಘಟ್ಟದ ಮೇಲೆ ವಾಯವ್ಯಕ್ಕೆ ಆರಾಮಾಗಿ ಹರಿದು, ಜೋಗದಲ್ಲಿ ಒಮ್ಮೆಗೇ 253 ಮೀಟರ್ ಕೆಳಕ್ಕೆ ಹಾರಿ, ಹೊನ್ನಾವರದಲ್ಲಿ ಕಡಲು ಸೇರುತ್ತಾಳೆ. ಒಟ್ಟು ಉದ್ದ ಸುಮಾರು 128 ಕಿಲೋಮೀಟರ್ ಅಷ್ಟೆ. ಜಲಪಾತ ಇರುವ ಜಾಗ ಶಾಶ್ವತವೆಂದು ನೋಡುವವರಿಗೆ ಅನ್ನಿಸುತ್ತದೆ, ಆದರೆ ಜಲಪಾತವೆಂದರೆ ಮೇಲಕ್ಕೆ ನಡೆಯುತ್ತಿರುವ ಒಂದು ಹೆಜ್ಜೆ. ಬೀಳುವ ನೀರು ಬುಡವನ್ನು ತೋಡುತ್ತದೆ. ಆಸರೆ ತಪ್ಪಿದ ನೆತ್ತಿ ಸೀಳುಗಳ ಗುಂಟ ಕಳಚಿ ಬೀಳುತ್ತದೆ. ಅಂಚು ಒಂದಿಷ್ಟು ಹಿಂದೆ ಸರಿಯುತ್ತದೆ. ಜೋಗದ ಕೆಳಗಿನ ಉದ್ದನೆಯ ಕಮರಿ ಹೀಗೆ ಹಿಂದೆ ಸರಿದ ದಾರಿ. ರಾಜಾ, ರಾಣಿ, ರೋರರ್, ರಾಕೆಟ್ ಎಂದು ನೀರು ನಾಲ್ಕು ಪಾಲಾಗಿರುವುದಕ್ಕೂ ಅಂಚಿನ ಬಂಡೆ ಎಲ್ಲೆಡೆ ಒಂದೇ ಸಮನೆ ಕಳಚದಿರುವುದೇ ಕಾರಣ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಆ ನಡಿಗೆ ಹೆಚ್ಚುಕಡಿಮೆ ನಿಂತಂತಾಗಿದೆ. ಬಂಡೆಯನ್ನು ಕಡೆಯಬೇಕಿದ್ದ ನೀರು ಈಗ ವರ್ಷದ ಬಹುಪಾಲು ಕೊಳವೆಗಳಲ್ಲಿ ಇಳಿದು ಟರ್ಬೈನು ತಿರುಗಿಸುತ್ತದೆ. ಜಲಪಾತ ನೋಡಲು ಬಂದು ಒಣಗೋಡೆ ಕಂಡು ಬೇಸರಪಡುವವರು ನೋಡುತ್ತಿರುವುದು ಕೆಲಸಗಾರನಿಲ್ಲದ ಕಾರ್ಖಾನೆಯನ್ನು.

ಹಾಗೆಂದು ಎಲ್ಲ ಕಲ್ಲೂ ಗ್ರಾನೈಟಿನಂತೆ ಸವೆಯುವುದಿಲ್ಲ. ‘ಸೊಕ್ಕಿದ್ದವರು ಯಾಣಕ್ಕೆ, ರೊಕ್ಕಿದ್ದವರು ಗೋಕರ್ಣಕ್ಕೆ’ ಎಂಬ ಗಾದೆಯಲ್ಲಿ ಬರುವ ಯಾಣದ್ದು ಸುಣ್ಣಶಿಲೆ. ಫೆಲ್ಡ್‌ಸ್ಪಾರನ್ನು ಮೆತ್ತಗೆ ಮಾಡುವ ಅದೇ ಸಪ್ಪೆ ಆಮ್ಲ ಸುಣ್ಣಶಿಲೆಯನ್ನು ಸಾರಾಸಗಟಾಗಿ ಕರಗಿಸಿಬಿಡುತ್ತದೆ, ಗರಸೂ ಇಲ್ಲ ಮರಳೂ ಇಲ್ಲ. ಕರಗಿದ್ದು ಕರಗಿ, ಉಳಿದದ್ದು 120 ಮೀಟರ್ ಎತ್ತರದ ಭೈರವೇಶ್ವರ ಶಿಖರ, ಪಕ್ಕದಲ್ಲಿ 90 ಮೀಟರಿನ ಮೋಹಿನಿ ಶಿಖರ. ಕಾಡಿನ ನಡುವೆ ಚೂಪು ಚೂಪಾದ ಕಪ್ಪು ಬಂಡೆಗಳು ದುತ್ತೆಂದು ಎದುರಾಗುವುದು ಹೀಗೆ.

ಕರಾವಳಿಯ ಕಲ್ಲಿನ ಕಥೆ ಇನ್ನೂ ವಿಚಿತ್ರ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕನನ್ ಮದರಾಸಿನಿಂದ ಹೊರಟು ಮೈಸೂರು, ಮಲಬಾರು, ಕೆನರಾ ಸುತ್ತಿದ. ಮಲಬಾರಿನ ಅಂಗಾಡಿಪುರಂ ಬಳಿ ಜನ ನೆಲದಿಂದ ಇಟ್ಟಿಗೆಯಂತೆ ಕಲ್ಲು ಕಡಿದು ತೆಗೆಯುವುದು ಅವನ ಕಣ್ಣಿಗೆ ಬಿತ್ತು. ಅಗೆದಾಗ ಕತ್ತಿಗೆ ಸಿಗುವಷ್ಟು ಮೆದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿ. ಲ್ಯಾಟಿನ್ನಿನಲ್ಲಿ ಇಟ್ಟಿಗೆಗಿರುವ ಪದವನ್ನು ತೆಗೆದುಕೊಂಡು, 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ ಅದನ್ನು ‘ಲ್ಯಾಟರೈಟ್’ ಎಂದು ಕರೆದ. ಜಗತ್ತಿನ ಭೂವಿಜ್ಞಾನಿಗಳು ಇವತ್ತಿಗೂ ಬಳಸುವ ಪದ ಹುಟ್ಟಿದ್ದು ಹೀಗೆ. ಕರಾವಳಿಯವರಿಗೆ ಅದಕ್ಕೂ ಬಹಳ ಮುಂಚಿನಿಂದ ಅದು ಮುರಕಲ್ಲು. ಜಂಬಿಟ್ಟಿಗೆ ಎಂಬ ಹೆಸರಲ್ಲೂ ಇಟ್ಟಿಗೆ ಅಡಗಿದೆ.

ಹಂಪಿಯಲ್ಲಿ ಫೆಲ್ಡ್‌ಸ್ಪಾರ್ ಹೋಗಿ ಬೆಣಚು ಉಳಿಯಿತಷ್ಟೆ. ಕರಾವಳಿಯ ಮಳೆ, ಸೆಕೆಗಳು ಅಷ್ಟಕ್ಕೆ ಬಿಡುವುದಿಲ್ಲ. ಲಕ್ಷಾಂತರ ವರ್ಷ ತೊಳೆದು ತೊಳೆದು ಸಿಲಿಕಾವನ್ನೂ ಸಾಗಹಾಕುತ್ತವೆ. ಕೊನೆಗೆ ನೀರಿಗೆ ಜಗ್ಗದ ಕಬ್ಬಿಣ, ಅಲ್ಯುಮಿನಿಯಂಗಳ ಆಕ್ಸೈಡುಗಳಷ್ಟೇ ನಿಲ್ಲುತ್ತವೆ. ಮುರಕಲ್ಲಿನ ಕೆಂಪು ಎಂದರೆ ತುಕ್ಕು. ಹೊಸದಾಗಿ ಕಡಿದ ಕಲ್ಲೊಂದನ್ನು ಕೈಗೆತ್ತಿಕೊಂಡರೆ ಮೈತುಂಬ ತೂತು; ತೂತಿನೊಳಗೆ ಹಳದಿ, ಬಿಳಿ ಜೇಡಿಯ ಮೆತ್ತೆ. ಒಂದೆರಡು ಮಳೆಗಾಲ ಕಳೆದರೆ ಜೇಡಿ ತೊಳೆದುಹೋಗಿ ಕಬ್ಬಿಣದ ಜಾಲರಿ ಗಟ್ಟಿಯಾಗುತ್ತದೆ. ಕರಾವಳಿಯ ಗುಡ್ಡಗಳ ನೆತ್ತಿ ಚಪ್ಪಟೆಯಾಗಿರುವುದು ಈ ಕವಚದಿಂದಲೇ. ಅಲ್ಲಿನವರು ‘ಪದವು’ ಎನ್ನುವ ಆ ಬೋಳು ಹಾಸುಗಳಲ್ಲೊಂದರ ಮೇಲೆ ಮಂಗಳೂರಿನ ವಿಮಾನಗಳು ಇಳಿಯುತ್ತವೆ. ಕಾಸರಗೋಡು, ಬಂಟ್ವಾಳದ ಕಡೆಯ ಕೃಷಿಕರು ಇದೇ ಗುಡ್ಡಗಳ ಪಕ್ಕೆಗೆ ಪಿಕಾಸಿ ಹಾಕಿ, ಮನುಷ್ಯ ಬಗ್ಗಿ ಹೋಗುವಷ್ಟು ಸುರಂಗ ತೋಡಿ, ಒಳಗೆ ತೊಟ್ಟಿಕ್ಕುವ ನೀರನ್ನು ತೋಟಕ್ಕೆ ಹರಿಸುತ್ತಾರೆ. ತೂತಿನ ಕಲ್ಲು ಮಳೆನೀರನ್ನು ಕುಡಿದು ಇಟ್ಟುಕೊಂಡಿರುವುದು ಅವರಿಗೆ ಗೊತ್ತು.

ಮುರಕಲ್ಲಿನ ಕೆಳಗೆ ಇರುವುದು ಶೇಡಿಮಣ್ಣು: ಪೂರ್ತಿ ಕೊಳೆತು ಬೆಳ್ಳಗೋ ನಸುಗೆಂಪಗೋ ಆದ ಜೇಡಿ. ಒಣಗಿದಾಗ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ, ನೀರು ತುಂಬಿದರೆ ಅಂಬಲಿ. ಗುಡ್ಡದಿಂದ ಹೊಳೆ ಹೊತ್ತು ತಂದ ಇದರ ನೆಂಟಮಣ್ಣನ್ನೇ ನೇತ್ರಾವತಿಯ ದಡದಿಂದ ತೆಗೆದು 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚು ಸುಡಲು ಶುರುಮಾಡಿದರು. ಮಂಗಳೂರು ಹೆಂಚಿನ ಮನೆಯಲ್ಲಿ ಮಲಗಿದವರ ತಲೆಯ ಮೇಲಿರುವುದು ಕೊಳೆತ ಘಟ್ಟ. ಅದೇ ಮಣ್ಣು ಗುಡ್ಡದ ಪಕ್ಕೆಯಲ್ಲಿದ್ದಾಗ ಇಷ್ಟು ವಿಧೇಯವಾಗಿರುವುದಿಲ್ಲ.

ಇಳಿಜಾರಿನಲ್ಲಿ ನಿಂತ ಮಣ್ಣನ್ನು ಹಿಡಿದಿಡುವುದು ಕಣಕಣಗಳ ನಡುವಿನ ಘರ್ಷಣೆ. ದಿನಗಟ್ಟಲೆ ಬಿಡದೆ ಮಳೆ ಹೊಯ್ದಾಗ ಕಣಗಳ ಸಂದಿಯಲ್ಲೆಲ್ಲ ನೀರು ತುಂಬಿ ಅವುಗಳನ್ನು ಒಂದರಿಂದೊಂದು ದೂಡತೊಡಗುತ್ತದೆ. ಮಣ್ಣಿನ ತೂಕ ಏರುತ್ತದೆ, ಹಿಡಿತ ಇಳಿಯುತ್ತದೆ. ಬುಡದಲ್ಲಿ ರಸ್ತೆಗೆಂದು ಗುಡ್ಡವನ್ನು ನೆಟ್ಟಗೆ ಕಡಿದಿದ್ದರೆ ಕೊನೆಯ ಆಸರೆಯೂ ಇಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡಗಳು ಕಾಫಿ ತೋಟ ಮನೆಗಳ ಸಮೇತ ಇಳಿದುಬಂದವು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡದ ಒಂದು ಪಕ್ಕೆ ರಾಷ್ಟ್ರೀಯ ಹೆದ್ದಾರಿ 66ನ್ನು ದಾಟಿ ಗಂಗಾವಳಿ ಹೊಳೆಯೊಳಕ್ಕೇ ನುಗ್ಗಿತು. ರಸ್ತೆ ಬದಿಯಲ್ಲಿದ್ದವರು, ನಿಲ್ಲಿಸಿದ್ದ ವಾಹನಗಳು ಅದರೊಂದಿಗೆ ಹೋದವು. ಒಂದು ಲಾರಿ ಹೊಳೆಯ ತಳದಿಂದ ಮೇಲೆ ಬಂದದ್ದು ಎರಡು ತಿಂಗಳು ಕಳೆದ ಮೇಲೆ. ಹೊಳೆಯ ನಡುವೆ ಹೊಸ ಮಣ್ಣಿನ ದಿಬ್ಬವೇ ಎದ್ದಿತ್ತು. ಭೂಮಿಯ ಲೆಕ್ಕದಲ್ಲಿ ಇದು ಘಟ್ಟದ ಅಂಚು ಹಿಂದೆ ಸರಿಯುವ ದಿನನಿತ್ಯದ ಕೆಲಸ. ಬುಡ ಕಡಿದ ಗುಡ್ಡದ ವಿಷಯದಲ್ಲಿ ‘ಪ್ರಕೃತಿ ವಿಕೋಪ’ ಎಂಬ ಪದ ಅರ್ಧ ಸತ್ಯವಷ್ಟೇ. ಕೊಳೆತ ಕಲ್ಲು ಮತ್ತು ಮಳೆ ಎರಡನ್ನೂ ಪ್ರಕೃತಿ ಒದಗಿಸಿತು ನಿಜ, ಕಡಿದದ್ದು ಅದಲ್ಲ.

ಹೋದದ್ದೆಲ್ಲ ಎಲ್ಲಿಗೆ ಹೋಯಿತು? ಕರಗಿದ್ದು ಸಮುದ್ರದ ಉಪ್ಪಿಗೆ ಸೇರಿತು, ಜೇಡಿ ಗದ್ದೆಗೂ ಹೊಳೆಬಾಯಿಗೂ ಹಂಚಿಹೋಯಿತು. ಯಾರಿಗೂ ಬಗ್ಗದ ಬೆಣಚಿನ ಕಣ ಮಾತ್ರ ಮರಳಾಗಿ ಹೊಳೆಯಲ್ಲಿ ತಂಗುತ್ತ ತಂಗುತ್ತ ಸಾಗುತ್ತದೆ. ಹಾಗೆ ತಂಗಿದ ಜಾಗಗಳಲ್ಲಿ ಹೆಸರಾದದ್ದು ತಲಕಾಡು.

ಕೋಲಾರದಿಂದ ಬಂದ ಗಂಗರು ರಾಜಧಾನಿ ಮಾಡಿಕೊಂಡ ಊರು ಇದು. ಚೋಳರನ್ನು ಗೆದ್ದ ನೆನಪಿಗೆ ಹೊಯ್ಸಳ ವಿಷ್ಣುವರ್ಧನ ಇಲ್ಲಿ ಕೀರ್ತಿನಾರಾಯಣ ದೇವಾಲಯ ಕಟ್ಟಿಸಿದ. ಆಮೇಲೆ ಊರು ಮರಳಿನಡಿ ಹೂತುಹೋಯಿತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡಾಗ, ಅಲ್ಲಿ ಆಳುತ್ತಿದ್ದವನ ಮಡದಿ ಅಲಮೇಲಮ್ಮ ಒಡವೆಗಾಗಿ ಬೆನ್ನಟ್ಟಿದವರಿಂದ ತಪ್ಪಿಸಿಕೊಂಡು ಕಾವೇರಿಗೆ ಹಾರುವ ಮುನ್ನ ಕೊಟ್ಟ ಶಾಪ ನಾಡಿಗೆಲ್ಲ ಗೊತ್ತು: ತಲಕಾಡಿಗೆ ಮರಳು, ಮಾಲಂಗಿಗೆ ಮಡು, ಮೈಸೂರು ದೊರೆಗಳಿಗೆ ಸಂತಾನವಿಲ್ಲ. ಮೂರನೆಯದನ್ನು ಭೂವಿಜ್ಞಾನಕ್ಕೆ ಒಪ್ಪಿಸಲಾಗದು. ಮೊದಲ ಎರಡು ಅದರ ಕೈಗೆ ಸಿಗುತ್ತವೆ. ಕಾವೇರಿ ಇಲ್ಲಿ ಚೂಪಾಗಿ ತಿರುಗುತ್ತಾಳೆ. ತಿರುವಿನಲ್ಲಿ ಹೊಳೆಯ ಹೊರದಡದ ನೀರಿಗೆ ಓಟ ಹೆಚ್ಚು, ಅಲ್ಲಿ ತೋಡುತ್ತದೆ. ಒಳದಡದ ನೀರು ಸೋಮಾರಿ, ಹೊತ್ತ ಮರಳನ್ನು ಅಲ್ಲೇ ಇಳಿಸುತ್ತದೆ. ಒಂದು ದಡದಲ್ಲಿ ಮಡು, ಎದುರು ದಡದಲ್ಲಿ ಮರಳು ಎಂಬುದು ಹೊಳೆ ತಿರುಗುವ ಕಡೆಯಲ್ಲೆಲ್ಲ ಕಾಣುವ ಜೋಡಿ. ಮೇಲ್ಗಡೆ ವಿಜಯನಗರದ ಮಾಧವಮಂತ್ರಿ ಕಟ್ಟಿಸಿದ ಅಣೆ ನೀರನ್ನು ಕಾಲುವೆಗೆ ತಿರುಗಿಸಿದ ಮೇಲೆ ಬೇಸಿಗೆಯಲ್ಲಿ ಮರಳಹಾಸು ಬಯಲಾಗಿ ಬಿದ್ದಿರತೊಡಗಿತು. ಅಣೆಗೂ ಮರಳಿಗೂ ಇರುವ ಈ ನಂಟಿನ ಬಗ್ಗೆ ವಿಜ್ಞಾನಿಯೂ ಕಾದಂಬರಿಕಾರರೂ ಆದ ಕೆ. ಎನ್. ಗಣೇಶಯ್ಯ ಬರೆದಿದ್ದಾರೆ. ಒಣಗಿದ ಮರಳಿಗೆ ಇನ್ನು ಬೇಕಾದದ್ದು ಗಾಳಿ ಮಾತ್ರ. ಮಳೆಗೆ ಮುಂಚೆ ಬೀಸುವ ನೈಋತ್ಯದ ಗಾಳಿ ಕಣಗಳನ್ನು ನೆಲದ ಮೇಲೆ ಕುಪ್ಪಳಿಸುತ್ತ ಊರೊಳಗೆ ತಂದು ಸುರಿಯಿತು. ಗುಡಿಯ ಗೋಡೆ ಅಡ್ಡ ಸಿಕ್ಕಿದ ಕಡೆ ಗಾಳಿಯ ಕಸುವು ಕುಂದಿ ಮರಳು ಅಲ್ಲೇ ಉದುರಿತು, ದಿಬ್ಬ ಬೆಳೆಯಿತು, ಬೆಳೆದ ದಿಬ್ಬವೇ ಮುಂದಿನ ಮರಳಿಗೆ ಅಡ್ಡವಾಯಿತು.

ಪುರಾತತ್ತ್ವದವರು ಮರಳು ತೋಡಿ ಹಲವು ಗುಡಿಗಳನ್ನು ಹೊರತೆಗೆದಿದ್ದಾರೆ. ದಿಬ್ಬ ಕದಲದಿರಲೆಂದು ಮರಗಳನ್ನು ನೆಟ್ಟಿದ್ದಾರೆ. ಪಂಚಲಿಂಗ ದರ್ಶನಕ್ಕೆ 2009, 2013, 2020ರಲ್ಲಿ ಜನ ಬಂದಾಗ ಹೀಗೆ ಬಿಡಿಸಿಕೊಟ್ಟ ಗುಡಿಗಳಿಗೂ ನಡೆದಿದ್ದರು. ಈಗ ಹೋಗುವವರು ಚಪ್ಪಲಿ ಕೈಯಲ್ಲಿ ಹಿಡಿದು, ಹೆಜ್ಜೆ ಹೆಜ್ಜೆಗೂ ಹೂತು ಜಾರುತ್ತ ದಿಬ್ಬ ಹತ್ತಿ, ಆಚೆ ಮಗ್ಗುಲಿನ ತಗ್ಗಿಗೆ ಇಳಿದು ಗುಡಿಯ ಮುಂದೆ ನಿಲ್ಲುತ್ತಾರೆ. ಒಂದು ಹಿಡಿ ಮರಳನ್ನು ಬಿಸಿಲಿಗೆ ಹಿಡಿದರೆ ಹೆಚ್ಚಿನವು ಗಾಜಿನಂಥ ಬೆಣಚಿನ ಕಣಗಳು, ಅಲ್ಲೊಂದು ಇಲ್ಲೊಂದು ಕಾಗೆಬಂಗಾರದ ಮಿಣುಕು. ಕಾವೇರಿಯ ಮೇಲ್ಗಡೆ ಎಲ್ಲೋ ಒಂದು ಬಂಡೆ ಕೊಳೆತು ಕಳಿಸಿಕೊಟ್ಟದ್ದು.